ದೌಲತ್ ಖಾನ್ ಲೋದಿ: ಗಡಿ ಕಾಯುವವನೇ ಬಾಗಿಲು ತೆಗೆದಾಗ

1526ರ ಏಪ್ರಿಲ್ 21, ಮೊದಲನೇ ಪಾಣಿಪತ್ ಯುದ್ಧ. ಇದನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೀವಿ. ಬಾಬರನನ್ನು ಕರೆಸಿಕೊಂಡವರಲ್ಲಿ ಪಂಜಾಬಿನ ದೌಲತ್ ಖಾನ್ ಲೋದಿಯೂ ಒಬ್ಬ ಅಂತ ಅಲ್ಲೇ ಒಂದು ಸಾಲಿತ್ತು. ಒಂದು ಮಾರ್ಕಿನ ಪ್ರಶ್ನೆಗೆ ಅಷ್ಟು ಸಾಕು. ಆದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಡಿ ನೋಡಿಕೊಂಡ ಮನುಷ್ಯ ಗಡಿಯಾಚೆಯವನನ್ನೇ ಯಾಕೆ ಕರೆದ?

ಲೋದಿಗಳು ಪಶ್ತೂನರು, ಅಂದರೆ ನಾವು ಪಠಾಣರು ಅನ್ನುವ ಜನ. ದೌಲತ್ ಖಾನನ ತಂದೆ ತಾತಾರ್ ಖಾನ್, ಬಹಲೂಲ್ ಲೋದಿ ದೆಹಲಿಯ ಸುಲ್ತಾನನಾಗಲು ಹೆಗಲು ಕೊಟ್ಟ ಸರದಾರರಲ್ಲಿ ಒಬ್ಬ. ಮುಂದೆ ಸಿಕಂದರ್ ಲೋದಿ 1500ರ ಆಸುಪಾಸಿನಲ್ಲಿ ಲಾಹೋರನ್ನು ದೌಲತ್ ಖಾನನಿಗೆ ವಹಿಸಿದ. ಕಾಬೂಲಿನಿಂದ ಬರುವ ಯಾವ ಸೈನ್ಯವೂ ಪಂಜಾಬನ್ನು ದಾಟಿಯೇ ದೆಹಲಿಗೆ ಹೋಗಬೇಕು.

ಗಡಿಯ ಅಧಿಕಾರಿಗೆ ಎರಡೂ ಕಡೆ ಕಣ್ಣಿರಬೇಕು. 1519ರಲ್ಲಿ ಬಾಬರ್ ಝೇಲಂ ದಡದ ಭೇರಾವರೆಗೆ ಬಂದ. ಪಂಜಾಬ್ ಹಿಂದೆ ತೈಮೂರನ ವಂಶಕ್ಕೆ ಸೇರಿದ್ದು, ಅದು ತನಗೆ ಬರಬೇಕು ಅಂತ ಸುಲ್ತಾನ್ ಇಬ್ರಾಹಿಮನಿಗೆ ಒಬ್ಬ ದೂತನನ್ನು ಕಳಿಸಿದ. ದೌಲತ್ ಖಾನ್ ಆ ದೂತನನ್ನು ಲಾಹೋರಿನಲ್ಲೇ ನಿಲ್ಲಿಸಿಕೊಂಡ. ತಾನೂ ಭೇಟಿಯಾಗಲಿಲ್ಲ, ದೆಹಲಿಗೂ ಬಿಡಲಿಲ್ಲ. ತಿಂಗಳುಗಟ್ಟಲೆ ಕಾದು ದೂತ ಬರಿಗೈಲಿ ವಾಪಸ್ ಹೋದ. ಯಾರಿಗೂ ಹೂಂ ಅನ್ನದೆ, ಊಹೂಂ ಅನ್ನದೆ ದಿನ ತಳ್ಳುವುದೇ ಅವನ ರಾಜಕೀಯ.

ಇದು ಕೆಟ್ಟದ್ದು ಇಬ್ರಾಹಿಮನ ಕಾಲದಲ್ಲಿ. ಬಹಲೂಲ್ ತನ್ನ ಪಶ್ತೂನ್ ಸರದಾರರ ಜೊತೆ ಸರಿಸಮನಾಗಿ ಕೂರುತ್ತಿದ್ದ. 1517ರಲ್ಲಿ ಪಟ್ಟಕ್ಕೆ ಬಂದ ಅವನ ಮೊಮ್ಮಗ ಇಬ್ರಾಹಿಮ್ ಅದೇ ಸರದಾರರನ್ನು ಕೈಕಟ್ಟಿ ನಿಲ್ಲಿಸಿದ. ಅನುಮಾನ ಬಂದವರು ಜೈಲಿಗೆ. ಕೆಲವರು ಅಲ್ಲೇ ಸತ್ತರು. ಬಿಹಾರದ ಕಡೆ ದಂಗೆಯೆದ್ದಿತು. ಆಗ ದೌಲತ್ ಖಾನನಿಗೂ ಕರೆ ಬಂತು. ಅವನು ತಾನು ಹೋಗದೆ ಮಗ ದಿಲಾವರನನ್ನು ಕಳಿಸಿದ. ಇಬ್ರಾಹಿಮ್ ಆ ಹುಡುಗನಿಗೆ ಶಿಕ್ಷೆಗೊಳಗಾದ ಸರದಾರರ ಗತಿಯನ್ನು ಕಣ್ಣಾರೆ ತೋರಿಸಿದ ಅನ್ನುತ್ತವೆ ಹಳೆಯ ಚರಿತ್ರೆಗಳು. ದಿಲಾವರ್ ತಪ್ಪಿಸಿಕೊಂಡು ಬಂದ. ಕಾಬೂಲಿಗೆ ಕರೆ ಹೋಯಿತು.

ಬಾಬರ್ ಬರ್ತಾನೆ, ಇಬ್ರಾಹಿಮನನ್ನು ಬಗ್ಗಿಸ್ತಾನೆ, ಹೋಗ್ತಾನೆ, ಲಾಹೋರ್ ನಮಗೇ ಉಳಿಯುತ್ತೆ ಎಂಬುದು ಲೆಕ್ಕ ಇದ್ದ ಹಾಗಿದೆ. 1524ರಲ್ಲಿ ಬಾಬರ್ ಬಂದ, ಇಬ್ರಾಹಿಮನ ಸೈನ್ಯವನ್ನು ಸೋಲಿಸಿದ. ಆದರೆ ಲಾಹೋರನ್ನು ತಾನೇ ಇಟ್ಟುಕೊಂಡು, ದೌಲತ್ ಖಾನನಿಗೆ ಜಲಂಧರ್ ಮತ್ತು ಸುಲ್ತಾನ್‌ಪುರ ಕೊಟ್ಟ. ಮನೆಯೊಡೆಯನಿಗೆ ಜಗಲಿ ಕೊಟ್ಟ ಹಾಗಾಯ್ತು! ದೌಲತ್ ಖಾನ್ ತಿರುಗಿಬಿದ್ದ. ಮಗ ದಿಲಾವರ್ ಮಾತ್ರ ಬಾಬರನ ಪಕ್ಷ ಸೇರಿದ.

1525ರ ಡಿಸೆಂಬರಿನಲ್ಲಿ ಬಾಬರ್ ಮತ್ತೆ ಸಿಂಧೂ ನದಿ ದಾಟಿದ. ಸೈನಿಕರು, ವ್ಯಾಪಾರಿಗಳು, ಆಳುಕಾಳು ಎಲ್ಲ ಎಣಿಸಿದರೂ 12,000 ಜನ. ಮುದುಕ ದೌಲತ್ ಖಾನ್ ಸೊಂಟಕ್ಕೆ ಎರಡು ಕತ್ತಿ ಕಟ್ಟಿಕೊಂಡು ಯುದ್ಧಕ್ಕೆ ನಿಂತಿದ್ದಾನೆ ಅಂತ ಸುದ್ದಿ ಬಂತು. ಆದರೆ ಅವನ ಸೈನ್ಯ ಕಾದಾಡದೆ ಚದುರಿಹೋಯಿತು. ಅವನು ಮಲೋಟ್ ಕೋಟೆಯಲ್ಲಿ ಸಿಕ್ಕಿಬಿದ್ದು ಶರಣಾದ. ಅದೇ ಎರಡು ಕತ್ತಿಗಳನ್ನು ಕೊರಳಿಗೆ ನೇತುಹಾಕಿ ಕರೆತರಿಸಿದೆ, ಮಂಡಿಯೂರಲು ಹಿಂದೆಮುಂದೆ ನೋಡಿದಾಗ ಕಾಲೆಳೆಸಿ ಕೂರಿಸಿದೆ ಎಂದು ಬಾಬರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಸೆರೆಯಾಳಾಗಿ ಸಾಗಿಸುವಾಗ ಸುಲ್ತಾನ್‌ಪುರದಲ್ಲಿ ದೌಲತ್ ಖಾನ್ ತೀರಿಕೊಂಡ. ಪಾಣಿಪತ್ ನೋಡಲು ಅವನು ಉಳಿಯಲಿಲ್ಲ.

ಅದೇ ಸುಲ್ತಾನ್‌ಪುರದಲ್ಲಿ, ದೌಲತ್ ಖಾನನ ಉಗ್ರಾಣದಲ್ಲಿ ಯುವಕ ನಾನಕರು ಲೆಕ್ಕ ನೋಡಿಕೊಳ್ಳುತ್ತಿದ್ದರು ಎನ್ನುತ್ತದೆ ಸಿಖ್ ಪರಂಪರೆ. ಬಾಬರನ ದಾಳಿಯಲ್ಲಿ ನೊಂದ ಸಾಮಾನ್ಯರ ಸಂಕಟ ಮುಂದೆ ಆ ನಾನಕರ ರಚನೆಗಳಲ್ಲಿ ಬಂತು. 1524ರಲ್ಲಿ ಲಾಹೋರಿನ ಪೇಟೆಗೆ ಬೆಂಕಿ ಬಿದ್ದಾಗ ಸುಟ್ಟದ್ದು ಅಂಗಡಿಯವರ ಬದುಕು.

ದೌಲತ್ ಖಾನನನ್ನು ದ್ರೋಹಿ ಎಂದು ಒಂದೇ ಪದದಲ್ಲಿ ಮುಗಿಸಿದರೆ ಇಬ್ರಾಹಿಮನ ಪಾಲು ಮರೆತುಹೋಗುತ್ತೆ. ಪಾಪ ಅಂದರೆ ಲಾಹೋರಿನ ಪೇಟೆ ಮರೆತುಹೋಗುತ್ತೆ. ಗಡಿ ಕಾಯುವವನನ್ನು ರಾಜಧಾನಿ ಹೆದರಿಸಿ ಇಟ್ಟುಕೊಂಡಿತು. ಅವನು ತನ್ನ ಜೀವದ ಭಯಕ್ಕೆ ಊರನ್ನೇ ಪಣಕ್ಕಿಟ್ಟ. ಎರಡೂ ನಿಜ. ಪಠ್ಯದ ಆ ಒಂದು ಸಾಲಿನ ಹಿಂದೆ ಇಷ್ಟು ಇತ್ತು.