ಹಿರಿಯ ನಾಗರಿಕರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ: ಸಿ.ಟಿ. ಕೊಲೊನೋಗ್ರಫಿ ಕುರಿತು ಮಾಹಿತಿ

ದೊಡ್ಡ ಕರುಳು ಹಾಗೂ ಗುದನಾಳದ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಗಂಟುಗಳಿಂದ ಆರಂಭವಾಗಿ, ಹಲವು ವರ್ಷಗಳಲ್ಲಿ ಬೆಳೆಯುತ್ತದೆ. ಈ ಅವಧಿಯಲ್ಲಿ ಪಾಲಿಪನ್ನು ಪತ್ತೆ ಮಾಡಿ ತೆಗೆದಲ್ಲಿ ಕ್ಯಾನ್ಸರನ್ನು ತಡೆಯಬಹುದಾಗಿದೆ. ಇದಕ್ಕಾಗಿ ಬಳಕೆಯಲ್ಲಿರುವ ಸಿ.ಟಿ. ಕೊಲೊನೋಗ್ರಫಿ ಪರೀಕ್ಷೆಯ ವಿವರಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ.

1. ಪರೀಕ್ಷೆಯ ವಿಧಾನ
ಹಿಂದಿನ ದಿನ ಲಘು ಆಹಾರ ಹಾಗೂ ಭೇದಿ ಔಷಧದ ಮೂಲಕ ಕರುಳನ್ನು ಶುದ್ಧಗೊಳಿಸಲಾಗುತ್ತದೆ. ಗುದದ್ವಾರದಲ್ಲಿ ಸಣ್ಣ ನಳಿಕೆಯಿರಿಸಿ ಗಾಳಿ ಅಥವಾ ಇಂಗಾಲದ ಡೈ ಆಕ್ಸೈಡ್ ತುಂಬಿ, ಸಾಮಾನ್ಯವಾಗಿ ಅಂಗಾತ ಹಾಗೂ ಬೋರಲಾಗಿ ಮಲಗಿಸಿ ಸ್ಕ್ಯಾನ್ ಮಾಡಲಾಗುತ್ತದೆ. ಅರಿವಳಿಕೆಯ ಅಗತ್ಯವಿರುವುದಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಭೇದಿ ಔಷಧ ಸೇವಿಸುವ ಮುನ್ನ ವೈದ್ಯರಿಗೆ ತಿಳಿಸತಕ್ಕದ್ದು.

2. ಯಾರಿಗೆ ಸೂಕ್ತ?
ರೋಗಲಕ್ಷಣಗಳಿಲ್ಲದವರಿಗೆ ಮಾತ್ರ ಇದು ತಪಾಸಣೆ ಎನಿಸುತ್ತದೆ. ಅಮೆರಿಕದ ತಜ್ಞರ ಕಾರ್ಯಪಡೆಯು 2021ರಲ್ಲಿ 45ರಿಂದ 75 ವರ್ಷದವರಿಗೆ ತಪಾಸಣೆಯನ್ನು ಶಿಫಾರಸು ಮಾಡಿದ್ದು, ಈ ವಿಧಾನವನ್ನು ಆಯ್ದುಕೊಂಡಲ್ಲಿ 5 ವರ್ಷಗಳಿಗೊಮ್ಮೆ ಮಾಡಿಸಬೇಕೆಂದು ತಿಳಿಸಿದೆ. 76ರಿಂದ 85 ವರ್ಷದವರ ವಿಷಯದಲ್ಲಿ ದೇಹಸ್ಥಿತಿ ಹಾಗೂ ಹಿಂದಿನ ತಪಾಸಣೆಗಳನ್ನು ಪರಿಗಣಿಸಿ ವೈದ್ಯರೊಡನೆ ನಿರ್ಧರಿಸಬೇಕಾಗುತ್ತದೆ. ಅಲ್ಲಿನ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ 2025ರ ಜನವರಿ 1ರಿಂದ ಇದರ ವೆಚ್ಚವನ್ನು ಭರಿಸುತ್ತಿದೆ.

3. ಪರೀಕ್ಷೆಯ ಮಿತಿಗಳು
2008ರಲ್ಲಿ ಪ್ರಕಟವಾದ ಅಮೆರಿಕದ ಬಹುಕೇಂದ್ರ ಅಧ್ಯಯನದಲ್ಲಿ, 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಗಂಟುಗಳಿದ್ದವರಲ್ಲಿ ಶೇ. 90ರಷ್ಟು ಮಂದಿಯನ್ನು ಈ ಪರೀಕ್ಷೆ ಗುರುತಿಸಿತು. ಸಣ್ಣ ಗಂಟುಗಳು ಕಾಣದೆ ಹೋಗಬಹುದು. ಅಲ್ಪ ಪ್ರಮಾಣದ ವಿಕಿರಣವೂ ಇರುತ್ತದೆ. ಮುಖ್ಯವಾಗಿ, ಈ ಪರೀಕ್ಷೆಯು ಪಾಲಿಪನ್ನು ತೋರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ವರದಿಯಲ್ಲಿ ಗಣನೀಯ ಗಾತ್ರದ ಪಾಲಿಪ್ ನಮೂದಾಗಿದ್ದಲ್ಲಿ ಕೊಲೊನೋಸ್ಕೋಪಿ ಮಾಡಿಸಿ ಅದನ್ನು ತೆಗೆಸುವುದು ಅವಶ್ಯಕ. ನೋವಿಲ್ಲವೆಂದು ವರದಿಯನ್ನು ಕಡತದಲ್ಲಿರಿಸಿ ಸುಮ್ಮನಿದ್ದಲ್ಲಿ ತಪಾಸಣೆಯ ಉದ್ದೇಶವೇ ವಿಫಲವಾಗುತ್ತದೆ.

4. ವಿಶೇಷ ಸೂಚನೆ
ಭಾರತದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಸಾಮೂಹಿಕ ತಪಾಸಣೆ ನಡೆಯುತ್ತಿದ್ದು, ದೊಡ್ಡ ಕರುಳಿನ ಕ್ಯಾನ್ಸರ್ ಅದರಲ್ಲಿ ಸೇರಿರುವುದಿಲ್ಲ. ಆದ್ದರಿಂದ ಹಿರಿಯರು, ವಿಶೇಷವಾಗಿ ಕುಟುಂಬದಲ್ಲಿ ಈ ರೋಗದ ಹಿನ್ನೆಲೆಯುಳ್ಳವರು, ತಾವಾಗಿಯೇ ವೈದ್ಯರನ್ನು ವಿಚಾರಿಸುವುದು ಸೂಕ್ತ.

ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ಕಾರಣವಿಲ್ಲದ ರಕ್ತಹೀನತೆ ಅಥವಾ ತೂಕ ಇಳಿಕೆ ಕಂಡುಬಂದಲ್ಲಿ, ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ, ತಪಾಸಣೆಯ ಸರದಿಗೂ ಕಾಯದೆ, ಕೂಡಲೇ ವೈದ್ಯರನ್ನು ಕಾಣುವಂತೆ ಕೋರಲಾಗಿದೆ.