ಮುಟ್ಟದೆ ಹಿಡಿದ ಕೋಲು

ಅಂಗೈ ಮೇಲೆ ಪೊರಕೆ ನಿಲ್ಲಿಸುವ ಆಟ ಚಿಕ್ಕಂದಿನಲ್ಲಿ ಆಡಿರುತ್ತೀರಿ. ಪೊರಕೆ ಪೂರಾ ವಾಲಿದ ಮೇಲೆ ಕೈ ಸರಿಸಿದರೆ ಕೆಲಸ ಕೆಟ್ಟಿತು. ವಾಲುವ ಮನಸ್ಸು ಮಾಡಿದಾಗಲೇ ಸರಿಸಬೇಕು. ಹೆಲಿಕಾಪ್ಟರನ್ನು ನೆಲದಿಂದ ನಾಲ್ಕಡಿ ಮೇಲೆ ಅಲುಗದಂತೆ ನಿಲ್ಲಿಸುವುದೂ ಅದೇ ಆಟ. ಪೈಲಟ್‌ಗಳು ಅದನ್ನು ಹೋವರ್ ಎನ್ನುತ್ತಾರೆ. ಮುಂದಕ್ಕೆ ಹಾರುವುದು ಬೇಗ ಕೈಹತ್ತುತ್ತದೆ. ಬೆವರಿಳಿಸುವುದು ನಿಂತಲ್ಲಿ ನಿಲ್ಲುವ ಈ ಪಾಠ.

ನಮ್ಮ ವಾಯುಪಡೆ ಇದನ್ನು ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ, ಭೂಸೇನೆ ನಾಸಿಕ್‌ನಲ್ಲಿ, ನೌಕಾಪಡೆ ಅರಕ್ಕೋಣಂನಲ್ಲಿ ಕಲಿಸುತ್ತವೆ. ದಶಕಗಳಿಂದ ಪಳಗಿಸಿದ್ದು ಫ್ರೆಂಚ್ ವಿನ್ಯಾಸದ, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಚೇತಕ್ ಮತ್ತು ಚೀತಾ.

ಚೇತಕ್‌ನಲ್ಲಿ ಕಲಿಯುವವರು ಬಲಕ್ಕೆ, ಕಲಿಸುವವರು ಎಡಕ್ಕೆ. ಎಡಗೈಯ ಕಲೆಕ್ಟಿವ್ ಸನ್ನೆ ಎತ್ತಿದರೆ ಮೂರೂ ಬ್ಲೇಡುಗಳು ಒಟ್ಟಿಗೆ ಓರೆಯಾಗಿ ಯಂತ್ರ ಮೇಲೇಳುತ್ತದೆ. ಅಷ್ಟಕ್ಕೇ ಒಡಲು ಎದುರು ದಿಕ್ಕಿಗೆ ತಿರುಗಹೊರಟು ಮೂತಿ ಎಡಕ್ಕೆ ಓಡುತ್ತದೆ. ಬಲಗಾಲಿನ ಪೆಡಲ್ ಒತ್ತಿದಿರೋ, ಬಾಲದ ರೋಟರ್ ಇಡೀ ಯಂತ್ರವನ್ನೇ ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೆ ಬಲಗೈಯ ಸೈಕ್ಲಿಕ್ ಕೋಲು ವಾಲಿಸಿದರೆ ಎತ್ತರ ಕುಸಿಯುತ್ತದೆ. ಮತ್ತೆ ಕಲೆಕ್ಟಿವ್! (ಅಪಾಚೆ ಹೆಲಿಕಾಪ್ಟರಿನ ರೋಟರ್ ತಿರುಗುವುದೇ ಉಲ್ಟಾ, ಅಲ್ಲಿ ಒತ್ತಬೇಕಾದ್ದು ಎಡಗಾಲು. ಪಳಗಿದ ಕಾಲಿಗೆ ಹೊಸ ಬುದ್ಧಿ ಹೇಳುವ ಫಜೀತಿ ಬೇರೆ.) ಸಾಲದ್ದಕ್ಕೆ, ಕೋಲಿನ ಮಾತಿಗೆ ಯಂತ್ರ ಓಗೊಡುವುದು ಅರೆಗಳಿಗೆ ತಡವಾಗಿ. ಹೊಸಬರು ಸಾಲಲಿಲ್ಲವೆಂದು ಇನ್ನಷ್ಟು ತಳ್ಳುತ್ತಾರೆ, ಗಾಬರಿಯಾಗಿ ಅಷ್ಟೇ ಜೋರಾಗಿ ಹಿಂದಕ್ಕೆಳೆಯುತ್ತಾರೆ. ಹೆಲಿಕಾಪ್ಟರ್ ತೊಟ್ಟಿಲಾಗುತ್ತದೆ. ಅದಕ್ಕೇ ಮೊದಲು ಪೆಡಲ್ ಮಾತ್ರ ಕೊಟ್ಟು, ಉಳಿದೆರಡನ್ನು ಶಿಕ್ಷಕರು ತಾವೇ ಇಟ್ಟುಕೊಳ್ಳುವುದುಂಟು.

ಎಂಜಿನ್ ನಿಂತರೆ? ಬೆಂಗಳೂರಿನ ರಸ್ತೆಬದಿಯ ಮಹಾಗನಿ ಬೀಜ ಗಿರಗಿರನೆ ಸುತ್ತುತ್ತ ಇಳಿಯುವುದನ್ನು ನೋಡಿ. ತಕ್ಷಣ ಕಲೆಕ್ಟಿವ್ ಇಳಿಸಿದರೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಮೂತಿ ಎತ್ತಿ ವೇಗ ಕಳೆದು, ರೋಟರಿನಲ್ಲಿ ಉಳಿದ ಸುತ್ತನ್ನು ಕೊನೆಗೊಮ್ಮೆ ಖರ್ಚುಮಾಡಿ ಮೆತ್ತಗೆ ಇಳಿಯಬೇಕು. ಇದೇ ಆಟೊರೊಟೇಶನ್. 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬುಲೆ, ನಮ್ಮ ಚೀತಾದ ಮೂಲವಾದ ಲಾಮಾದಲ್ಲಿ 12,442 ಮೀಟರ್ ಏರಿ ದಾಖಲೆ ಮಾಡಿದರು. ಇಳಿಯಹೊರಟಾಗ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅಷ್ಟೆತ್ತರದಿಂದ ಬರೀ ಗಾಳಿಯ ಬಲದಲ್ಲಿ ಸುತ್ತಿಕೊಂಡೇ ನೆಲ ಮುಟ್ಟಿದರು.

ನನಗೆ ಇದೆಲ್ಲಕ್ಕಿಂತ ಸೋಜಿಗವೆನಿಸುವುದು ಎಡ ಸೀಟಿನವರ ಕೈ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟನ್ನಿನ ಗಾಸ್ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಕಲಿಸುವ ರೀತಿಯನ್ನೇ ತಿರುಗಿಸಿಟ್ಟರು: ಅಪಾಯದಿಂದ ದೂರವಿಡಬೇಡಿ, ಅದರೊಳಗೆ ಕರೆದೊಯ್ದು ಹೊರಬರುವುದನ್ನು ಕಲಿಸಿ. ಶಿಕ್ಷಕರ ಮಾತು ಶಿಷ್ಯರಿಗೆ ಕೇಳಿಸಲೆಂದು ಒಂದು ಕೊಳವೆಯೂ ಬಂತು. ಶಿಷ್ಯರನ್ನು ಅಪಾಯದೊಳಗೆ ಬಿಡುವ ಆ ಪಾಠದಿಂದಾಗಿಯೇ ಇಂದೂ ಶಿಕ್ಷಕರ ಬೆರಳುಗಳು ಕೋಲಿನಿಂದ ಅಂಗುಲ ದೂರದಲ್ಲಿ ಕಾದಿರುತ್ತವೆ. ಬೇಗ ಹಿಡಿದರೆ ಶಿಷ್ಯ ಕಲಿಯಲಿಲ್ಲ. ತಡವಾದರೆ ಇಬ್ಬರೂ ಉಳಿಯಲಿಕ್ಕಿಲ್ಲ.

ಚೆನ್ನೈ ಪಕ್ಕದ ತಾಂಬರಂನಲ್ಲಿ ಇಂಥ ಶಿಕ್ಷಕರನ್ನು ತಯಾರಿಸುವ ವಾಯುಪಡೆಯ ಶಾಲೆಯಿದೆ. ಹಾರಿಸುತ್ತಲೇ ವಿವರಿಸುವ ಮಾತುಗಾರಿಕೆಗೆ ವೃತ್ತಿಯಲ್ಲಿ ಪ್ಯಾಟರ್ ಎಂದು ಹೆಸರು; ಕೈಗೂ ಬಾಯಿಗೂ ತಾಳ ತಪ್ಪಬಾರದು. ಶಿಕ್ಷಕರಾಗಹೊರಟವರ ಪಕ್ಕದಲ್ಲಿ ನುರಿತ ಹಿರಿಯರೊಬ್ಬರು ದಡ್ಡ ಶಿಷ್ಯನ ವೇಷ ಹಾಕಿ ಕೂರುತ್ತಾರೆ. ಕೋಲನ್ನು ಬೇಕೆಂದೇ ಅತ್ತಿತ್ತ ಎಳೆಯುತ್ತ, ಎಡಗಡೆಯ ಕೈ ಯಾವಾಗ ಮೇಲೇಳುತ್ತದೆಂದು ಓರೆಗಣ್ಣಿನಲ್ಲಿ ನೋಡುತ್ತಿರುತ್ತಾರೆ.