ರೊಕೆಯಾ ಸಖಾವತ್ ಹುಸೇನ್: ಅವರೋಧವೂ ಪಾಠಶಾಲೆಯೂ

ಅವರೋಧವೆಂಬ ಸಂಸ್ಕೃತ ಶಬ್ದಕ್ಕೆ ಎರಡರ್ಥಗಳು ಪ್ರಸಿದ್ಧವಾಗಿವೆ. ತಡೆ ಎಂಬುದೊಂದು, ಅಂತಃಪುರವೆಂಬುದು ಮತ್ತೊಂದು. ಅಮರಸಿಂಹನು ಅಂತಃಪುರದ ಪರ್ಯಾಯಪದಗಳಲ್ಲಿ ಇದನ್ನು ಹೇಳಿರುವನು. ಕಾವ್ಯಗಳನ್ನೋದುವಾಗ ನಾವು ಎರಡನೆಯ ಅರ್ಥವನ್ನು ಗ್ರಹಿಸಿ ಮುಂದೆ ಸಾಗುವೆವು. ಮೊದಲನೆಯದು ಅದರೊಳಗೆ ಅಡಗಿರುವುದು ಮನಸ್ಸಿಗೆ ಬಾರದು. ಎರಡರ್ಥಗಳೂ ಒಟ್ಟಿಗೆ ತೋರುವಂತೆ “ಅವರೋಧವಾಸಿನಿ” ಎಂಬ ಗ್ರಂಥವನ್ನು ರಚಿಸಿದವರು ವಂಗಭಾಷೆಯ ಮುಸಲ್ಮಾನ ಲೇಖಕಿ ರೊಕೆಯಾ ಸಖಾವತ್ ಹುಸೇನ್. ಇವರು ಬರಹದಲ್ಲಿ ಅವರೋಧವನ್ನು ಖಂಡಿಸಿದರು. ಪಾಠಶಾಲೆಯನ್ನು ನಡೆಸುವಲ್ಲಿ ಅದಕ್ಕೆ ಮಣಿದರು. ಇವೆರಡೂ ಪರಸ್ಪರ ವಿರುದ್ಧವೇ, ಅಥವಾ ಒಂದೇ ಉದ್ದೇಶದ ಎರಡು ಅಂಗಗಳೇ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ವಿಷಯವು.

ಇವರು ಕ್ರಿ. ಶ. 1880ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿದ ರಂಗಪುರ ಜಿಲ್ಲೆಯ ಪೈರಾಬಂದ್ ಗ್ರಾಮದಲ್ಲಿ ಜಮೀನುದಾರರ ಮನೆಯಲ್ಲಿ ಜನಿಸಿದರು. ಆ ಮನೆಯ ಹೆಣ್ಣುಮಕ್ಕಳು ಕುರಾನಿನ ಪಾರಾಯಣಕ್ಕೆ ಬೇಕಾದಷ್ಟು ಅಕ್ಷರವನ್ನು ಕಲಿತರೆ ಸಾಕೆಂದಿತ್ತು. ಬಂಗಾಳಿಯೂ ಇಂಗ್ಲಿಷೂ ಅವರಿಗೆ ನಿಷಿದ್ಧವಾಗಿದ್ದುವು. ಅಣ್ಣ ಇಬ್ರಾಹಿಂ ಸಾಬೇರರು ಮನೆಯವರೆಲ್ಲ ಮಲಗಿದ ಬಳಿಕ ತಂಗಿಗೆ ಇಂಗ್ಲಿಷ್ ಹೇಳಿಕೊಟ್ಟರು. ಅಕ್ಕ ಕರೀಮುನ್ನೀಸಾ ಬಂಗಾಳಿಯಲ್ಲಿ ಆಸಕ್ತಿಯನ್ನು ಬೆಳೆಸಿದರು. ಭಾಗಲಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಪತಿ ಸಖಾವತ್ ಹುಸೇನರೂ ಇವರ ಬರವಣಿಗೆಗೆ ಪ್ರೋತ್ಸಾಹವಿತ್ತರು.

1905ರಲ್ಲಿ ಮದರಾಸಿನ “ಇಂಡಿಯನ್ ಲೇಡೀಸ್ ಮ್ಯಾಗಜೀನ್” ಎಂಬ ಪತ್ರಿಕೆಯಲ್ಲಿ ಇವರ ಇಂಗ್ಲಿಷ್ ಕಥೆ “ಸುಲ್ತಾನಳ ಸ್ವಪ್ನ” ಪ್ರಕಟವಾಯಿತು. ಅದರಲ್ಲಿ ಸ್ತ್ರೀಯರು ರಾಜ್ಯವಾಳುವರು, ಸೂರ್ಯನ ಶಾಖವನ್ನು ಸಂಗ್ರಹಿಸಿ ಉಪಯೋಗಿಸುವರು. ಪುರುಷರು ಮನೆಯೊಳಗೆ ಪರದೆಯಲ್ಲಿರುವರು. ತಡೆಯನ್ನು ತಿರುಗಿಸಿ ಹಾಕಿದೊಡನೆ ಅದರ ಅಸಂಬದ್ಧತೆಯು ತಾನಾಗಿಯೇ ವ್ಯಕ್ತವಾಗುವುದು. “ಅರ್ಧಾಂಗಿ” ಎಂಬ ಪ್ರಬಂಧದಲ್ಲಿ ದಾಂಪತ್ಯವನ್ನು ಒಂದು ಚಕ್ರ ದೊಡ್ಡದೂ ಇನ್ನೊಂದು ಚಿಕ್ಕದೂ ಆದ ಗಾಡಿಗೆ ಹೋಲಿಸಿದ್ದಾರೆ. ಅಂಥ ಗಾಡಿಯು ಮುಂದೆ ಹೋಗದೆ ಇದ್ದಲ್ಲಿಯೇ ಸುತ್ತುವುದೆಂಬುದು ತಾತ್ಪರ್ಯ.

ಪಾಠವಿಮರ್ಶಕರು ಗಮನಿಸಬೇಕಾದ ವಿಷಯವೊಂದುಂಟು. 1904ರಲ್ಲಿ “ನವನೂರ್” ಪತ್ರಿಕೆಯಲ್ಲಿ “ನಮ್ಮ ಅವನತಿ” ಎಂಬರ್ಥದ ಶೀರ್ಷಿಕೆಯಿಂದ ಬಂದ ಲೇಖನವು “ಮೋತಿಚೂರ್” ಸಂಗ್ರಹದಲ್ಲಿ “ಸ್ತ್ರೀಜಾತಿಯ ಅವನತಿ” ಎಂದಾಯಿತು. ಹೆಸರಿನೊಡನೆ ಪಾಠವೂ ಬದಲಾಯಿತು. ಧರ್ಮಗ್ರಂಥಗಳು ಪುರುಷರು ಮಾಡಿದ ವಿಧಿಗಳೆಂದು ಹೇಳುವ ಭಾಗಗಳು ಪುಸ್ತಕದಲ್ಲಿಲ್ಲ. ಆದರೆ ಒಡವೆಗಳು ದಾಸ್ಯದ ಚಿಹ್ನೆಗಳೆಂಬ ವಾದವು ಉಳಿದಿದೆ. ಇದು ಮೊದಲನೆಯ ಮಣಿತ. ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ಎಂಬುದನ್ನು ಎರಡು ಪಾಠಗಳನ್ನೂ ಎದುರಿಗಿಟ್ಟುಕೊಂಡೇ ತಿಳಿಯಬೇಕು.

1909ರಲ್ಲಿ ಪತಿಯು ತೀರಿಕೊಂಡರು. ಅದೇ ವರ್ಷ ಅವರ ಹೆಸರಿನಲ್ಲಿ ಭಾಗಲಪುರದಲ್ಲಿ 5 ಮಂದಿ ಬಾಲಿಕೆಯರೊಡನೆ ಪಾಠಶಾಲೆಯು ಆರಂಭವಾಯಿತು. ಕುಟುಂಬಕಲಹದಿಂದ ಊರನ್ನು ಬಿಡಬೇಕಾಗಿ ಬಂದು, 1911ರಲ್ಲಿ ಕಲಕತ್ತೆಯಲ್ಲಿ 8 ಮಂದಿಯೊಡನೆ ಅದನ್ನು ಪುನಃ ತೆರೆದರು. 1916ರಲ್ಲಿ “ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ” ಎಂಬ ಸ್ತ್ರೀಸಂಘವನ್ನು ಸ್ಥಾಪಿಸಿದರು.

“ಅವರೋಧವಾಸಿನಿ” ಪುಸ್ತಕರೂಪದಲ್ಲಿ ಬಂದುದು 1931ರಲ್ಲಿ. ಅದರಲ್ಲಿ 47 ವೃತ್ತಾಂತಗಳಿವೆ. ಒಂದನ್ನು ಹೇಳಿದರೆ ಉಳಿದುವನ್ನು ಊಹಿಸಬಹುದು. ಕಿಯೂಲ್ ನಿಲ್ದಾಣದಲ್ಲಿ ಗಾಡಿ ಬದಲಿಸುತ್ತಿದ್ದ ಒಬ್ಬ ಹೆಂಗಸು ಬುರ್ಖಾ ತೊಡರಿ ಹಳಿಯ ಮೇಲೆ ಬಿದ್ದಳು. ಎತ್ತಲು ಬಂದ ಗಂಡಸರನ್ನು ದಾಸಿಯು ಮುಟ್ಟಗೊಡಲಿಲ್ಲ. ಒಬ್ಬಳೇ ಎತ್ತಲು ಅವಳಿಗೆ ಶಕ್ತಿಯಿರಲಿಲ್ಲ. ಕಾದು ನಿಂತಿದ್ದ ಗಾಡಿಯು ಕಡೆಗೆ ಹೊರಟಿತು. ಲೇಖಕಿಯು ಇಲ್ಲಿ ಉಪದೇಶವನ್ನು ಮಾಡುವುದಿಲ್ಲ. ನಡೆದುದನ್ನು ಹೇಳಿ ನಿಲ್ಲಿಸುವರು. ಗ್ರಂಥದ ಬಲವು ಈ ಮಿತಭಾಷಣದಲ್ಲಿದೆ.

ಅದೇ ಗ್ರಂಥದ ಕಡೆಯಲ್ಲಿ ಅವರು ತಮ್ಮ ಪಾಠಶಾಲೆಯ ಮೋಟಾರುಗಾಡಿಯನ್ನೂ ಸೇರಿಸಿದ್ದಾರೆ. ಪರದೆಗೆ ಭಂಗ ಬಾರದಂತೆ ಮುಚ್ಚಿದ ಆ ಗಾಡಿಯಲ್ಲಿ ಕಿರಿದಾದ ಜಾಲರಿಯ ಹೊರತು ಗಾಳಿಗೆ ದಾರಿಯಿರಲಿಲ್ಲ. ಮಕ್ಕಳು ವಾಂತಿಮಾಡಿಕೊಂಡರು, ಮೂರ್ಛೆ ಹೋದರು. ಕಿಟಕಿಗಳನ್ನು ತೆರೆದು ತೆರೆ ಕಟ್ಟಿಸಿದರೆ, ಗಾಳಿಗೆ ತೆರೆಯು ಹಾರಿ ಪರದೆ ಕೆಡುವುದೆಂದು ಆಕ್ಷೇಪದ ಪತ್ರಗಳು ಬಂದುವು. ಮುಚ್ಚಿದರೆ ಮಕ್ಕಳಿಗೆ ಉಸಿರಿಲ್ಲ. ತೆರೆದರೆ ಪಾಠಶಾಲೆಗೆ ಮಕ್ಕಳಿಲ್ಲ. ಈ ಉಭಯಸಂಕಟವನ್ನು ಅವರು ಮರೆಮಾಚದೆ, ತಾವು ಖಂಡಿಸಿದ ಉದಾಹರಣೆಗಳ ಸಾಲಿನಲ್ಲಿಯೇ ಇಟ್ಟಿರುವುದು ಗಮನಾರ್ಹವಾಗಿದೆ.

ಆದುದರಿಂದ ಬರಹಕ್ಕೂ ನಡತೆಗೂ ಇಲ್ಲಿ ವಿರೋಧವನ್ನು ಹೇಳುವುದು ಯುಕ್ತವಲ್ಲ. ಗಾಡಿಗೆ ತೆರೆ ಕಟ್ಟಿಸಿದುದು ತೆರೆಯ ಮೇಲಣ ಗೌರವದಿಂದಲ್ಲ. ಒಳಗೆ ಕುಳಿತ ಬಾಲಿಕೆಯು ಪುಸ್ತಕದವರೆಗೆ ತಲಪಲೆಂದು. ಪುಸ್ತಕವನ್ನು ಓದಬಲ್ಲವಳಿಗೆ ಮುಂದಣ ಮಾತನ್ನು ಗ್ರಂಥವು ಹೇಳುವುದು. ಈ ಕ್ರಮದಲ್ಲಿ ಪಾಠಶಾಲೆಯು ಗ್ರಂಥಕ್ಕೆ ಪೀಠಿಕೆಯಾಯಿತು.

1932ನೆಯ ಡಿಸೆಂಬರ್ 9ರಂದು ಇವರು ಕಲಕತ್ತೆಯಲ್ಲಿ ನಿಧನ ಹೊಂದಿದರು. ಸ್ತ್ರೀಯರ ಅಧಿಕಾರವನ್ನು ಕುರಿತ ಪ್ರಬಂಧವೊಂದು ಅಪೂರ್ಣವಾಗಿ ಉಳಿಯಿತು. ಬಾಂಗ್ಲಾದೇಶದಲ್ಲಿ ಆ ದಿನವನ್ನು ರೊಕೆಯಾ ದಿನವೆಂದು ಆಚರಿಸುವರು. ಕಲಕತ್ತೆಯ ಪಾಠಶಾಲೆಯು ಸರ್ಕಾರದ ಆಡಳಿತದಲ್ಲಿ ಇಂದಿಗೂ ನಡೆಯುತ್ತಿದೆ.